ಗೋಡೆ ಬಿಟ್ಟ ಹಜಾರ

ಮಧುಗಿರಿಯಲ್ಲಿ ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆದವನು ನಾನು. ಗೆರೆ ಎಷ್ಟೇ ನೇರವಾಗಿ ಎಳೆದರೂ, ಮನೆಗೆ ಜನ ಬಂದು ಸೇರಿದ ಮೇಲೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ದೊಡ್ಡೇರಿ ಕಡೆಯ, ಕುರಿ ಸಾಕುವ ಯಜಮಾನರೊಬ್ಬರ ಮನೆಯದಂತೂ ಕೇಳಲೇಬೇಡಿ.

ಹೊಸ ಫ್ಯಾಷನ್ನು

ಹಜಾರದ ಹಿಂದೆ ಗೋಡೆಯೇ ಇಲ್ಲದಂತೆ ಹತ್ತಡಿ ಬಯಲು ಬಿಟ್ಟು ಹಿತ್ತಲಿಗೆ ಸೇರಿಸಿದ್ದೆ. ನನ್ನ ಸ್ವಂತ ತಲೆಯ ಮೊದಲ ನಕ್ಷೆ! "ಗಾಳಿ, ಬೆಳಕು, ಹೊರಗಿನದೆಲ್ಲ ಒಳಗೇ ಬರುತ್ತೆ ಯಜಮಾನ್ರೇ," ಎಂದು ಎದೆಯುಬ್ಬಿಸಿ ಹೇಳಿದೆ.

"ಹಳೇ ಮನೇಲೂ ಮಳೆ, ಬಿಸ್ಲು, ಕುರಿಮರಿ ಎಲ್ಲಾ ಒಳಗೇ ಅವೆ ಸಾ. ಅದನ್ನ ತಪ್ಪಿಸ್ಕಳಾಕೇ ಹೊಸ ಮನೆ ಕಟ್ಟುಸ್ತಿರಾದು!"

ಬೀಗರು

ಅಂತೂ ಗೋಗರೆದು ಒಪ್ಪಿಸಿದೆ. ಮನೆ ಎದ್ದಿತು. ಗೃಹಪ್ರವೇಶದ ಹಿಂದಿನ ದಿನ ಪಾವಗಡದಿಂದ ಅವರ ಬೀಗರು ಬಂದರು. ಹಿತ್ತಲ ಕಡೆಯಿಂದ ಮೆಟ್ಟು ಹಾಕಿಕೊಂಡೇ ನಡೆದು ಬಂದು, ಹಜಾರದ ಕೆಂಪು ಗಾರೆ ನೆಲಕ್ಕೆ ಎಲೆಅಡಿಕೆ ಪಿಚಕ್ಕನೆ ಉಗಿದರು.

"ಅಯ್ಯಯ್ಯೋ, ಮನೆ ಒಳಗೆ ಉಗೀತೀರಲ್ಲ!" ಎಂದೆ.

"ಇದಿ ಲೋಪಲಾ?" ಎಂದು ಬೀಗರು ತಮ್ಮ ತೆಲುಗಿನಲ್ಲೇ ಕೇಳಿ ಕಣ್ಣರಳಿಸಿದರು. "ಇದು ಒಳಗಾ? ಒಳಗೆ ಅನ್ನಾಕೆ ಗೋಡೆ ಎಲ್ಲೈತಪ್ಪಾ?"

ಯಜಮಾನರಿಗೆ ಮಾನ ಹೋದಂತಾಯಿತು. "ನಾಳೆ ಪೂಜೆ ಮುಗೀತಿದ್ದಂಗೆ ಇಲ್ಲಿ ಗೋಡೆ ಎಬ್ಬಿಸ್ಬುಡ್ರಲಾ," ಎಂದು ಗಾರೆಯವರಿಗೆ ಅಪ್ಪಣೆ ಕೊಟ್ಟರು. ನನಗೆ ಅಳುವೇ ಬಂತು. ಆ ಗೋಡೆ ಎದ್ದರೆ ಸುತ್ತಲ ಊರುಗಳಲ್ಲಿ ನನ್ನ ನಕ್ಷೆಯನ್ನು ಮೂಸಿ ನೋಡುವವರೂ ಇರುತ್ತಿರಲಿಲ್ಲ.

ಬೀಗರು ಮಾತ್ರ ಸಮಾಧಾನ ಹೇಳಿದರು: "ಕಟ್ಟುಸ್ರಪ್ಪಾ, ಮುಂದಿನ ಸಲ ಗೋಡೆಗೇ ಉಗೀತೀನಿ."

ಹಸುವಿನ ಹಿಂದೆ ಟಗರು

ಬೆಳಿಗ್ಗೆ ಶಾಸ್ತ್ರದಂತೆ ಮುಂಬಾಗಿಲಿನಿಂದ ಹಸುವನ್ನು ಒಳಗೆ ಕರೆದರು. ಅಂಗಳದಲ್ಲಿದ್ದ ಟಗರಿಗೆ ಏನನ್ನಿಸಿತೋ, ಹಿಂದೆಯೇ ನುಗ್ಗಿತು. ಟಗರು ಹೋದ ಮೇಲೆ ಕುರಿಗಳು ನಿಲ್ಲುತ್ತವೆಯೇ? ಅರವತ್ತು ಕುರಿಗಳೂ ಹಜಾರ ಹೊಕ್ಕು, ನಾನು ಬಿಟ್ಟ ಬಯಲಿನಿಂದ ಹಿತ್ತಲಿಗಿಳಿದು, ಮನೆ ಪಕ್ಕದ ಓಣಿ ಬಳಸಿ, ಮತ್ತೆ ಮುಂಬಾಗಿಲಿಗೇ ಬಂದವು! ಅದೇ ದಾರಿ, ಸುತ್ತಿನ ಮೇಲೆ ಸುತ್ತು. ಪುರೋಹಿತರು ಕಳಶ ಎತ್ತಿಕೊಂಡು ಮಣೆ ಮೇಲೆ ನಿಂತುಬಿಟ್ಟರು.

ಯಜಮಾನರು ನನ್ನ ಕಡೆ ಹಲ್ಲು ಕಡಿಯುತ್ತ, "ಪೂಜೆ ಆಮೇಲಾಗ್ಲಿ, ತರ್ರಲಾ ಇಟ್ಟಿಗೆ!" ಎಂದು ಕೂಗಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ಮುಂಬಾಗಿಲ ಹೊರಗೆ, ಹೊಸಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದ ಅವರ ಮುದಿತಾಯಿ ಕೈ ಎತ್ತಿದರು. ಕುರಿ ಬಾಗಿಲು ದಾಟುವಾಗ ಒಂದೊಂದನ್ನೇ ಎಣಿಸುವುದು ಆಕೆಯ ಜನ್ಮದ ರೂಢಿ. ಅಲ್ಲಿಂದ ಹಿತ್ತಲು ಕಾಣುತ್ತಿರಲಿಲ್ಲ. ಆಕೆಯ ಮಾತು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಲೇ, ಗೋಡೆ ಗೀಡೆ ಅಂದೀಯ, ಜ್ವಾಕೆ! ಮನೆಗೆ ಕಾಲಿಟ್ಟ ಗಳಿಗೇಲೇ ನಮ್ಮ ಅರವತ್ತು ಕುರಿ ಇನ್ನೂರ ನಲವತ್ತಾಗವೆ. ಇನ್ನೂ ಬತ್ತಾನೇ ಅವೆ ಕಣ್ಲಾ!"