ಒಳಗಿನ ತುಕ್ಕಿಗೆ ದ್ರಾಕ್ಷಿ ಮದ್ದು

ನಾನು ಒಂದು ಸಲ ತೀರ್ಮಾನ ಮಾಡಿದೆನೆಂದರೆ ಮುಗಿಯಿತು, ಹಿಂದೆ ಮುಂದೆ ನೋಡುವ ಪೈಕಿ ಅಲ್ಲ. ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಪೈಕಿಯೂ ಅಲ್ಲ ಎಂದು ನನ್ನ ಹೆಂಡತಿ ಗಿರಿಜೆ ಮದುವೆಯಾದಾಗಿನಿಂದ ದೂರುತ್ತಿದ್ದಾಳೆ. ಆ ದೂರನ್ನೂ ನಾನು ಪೂರ್ತಿ ಕೇಳಿಸಿಕೊಂಡಿಲ್ಲ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ಯಲಹಂಕದ ಆಚೆ ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ಕಾಯಿಲೆ ಅವರ ಕಣ್ಣನ್ನು ತೆಗೆದುಕೊಂಡ ಮೇಲೆ ಗೊಂಚಲನ್ನು ಕೈಯಿಂದ ಸವರಿ, "ಇದು ಅಣ್ಣಾಗೈತೆ ಕಣಪ್ಪ" ಎನ್ನುತ್ತಿದ್ದರು. ತೋಟದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ಉಳಿದಿರುವುದು ನಮ್ಮ ಮನೆಯ ತಾರಸಿಗೆ ಹಬ್ಬಿಸಿದ ಒಂದೇ ಬಳ್ಳಿ. ಹಾಗಾಗಿ ಸಹಕಾರನಗರದ ಡಾಕ್ಟರಮ್ಮ, "ಮೂರು ತಿಂಗಳು ಟೈಮ್ ಕೊಡ್ತೀನಿ ಅಂಕಲ್, ಶುಗರ್ ಇಳೀಲಿಲ್ಲ ಅಂದ್ರೆ ಇನ್ಸುಲಿನ್" ಎಂದಾಗ ನನಗೆ ಭಯವಾಯಿತು. ಸೂಜಿಗೆ ಸ್ವಲ್ಪ, ಅಪ್ಪನ ಕಣ್ಣು ನೆನಪಾಗಿ ಬಹಳ.

ಅವರು ಮುಂದುವರಿಸಿದರು. "ಸಕ್ಕರೆ ಜಾಸ್ತಿ ಇದ್ರೆ ಒಳಗಡೆ ಒಂಥರಾ ತುಕ್ಕು ಹಿಡಿಯುತ್ತೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ತಡೆಯೋಕೆ ದೇಹದಲ್ಲೇ ಕಾವಲಿದೆ, ಆದ್ರೆ ನಿಮ್ಮಂಥವರಲ್ಲಿ ಆ ಕಾವಲಿಗೆ ಸುಸ್ತು ಜಾಸ್ತಿ. ಸೊಪ್ಪು, ನೆಲ್ಲಿಕಾಯಿ, ಕಪ್ಪು ದ್ರಾಕ್ಷಿ, ಇದರಲ್ಲೆಲ್ಲಾ ತುಕ್ಕು ತಡೆಯೋ ಆಂಟಿಆಕ್ಸಿಡೆಂಟ್ ಇರುತ್ತೆ. ಆದ್ರೆ..."

ಕಪ್ಪು ದ್ರಾಕ್ಷಿ ಎಂದದ್ದೇ ತಡ, ನಾನು ಎದ್ದು ಚಪ್ಪಲಿ ಮೆಟ್ಟಿದ್ದೆ. ಅವತ್ತು ಗಿರಿಜೆ ಜೊತೆಗಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಸಾಮಾನ್ಯ ತಪಸ್ಸಲ್ಲ. ಕಾಫಿಗೆ ಸಕ್ಕರೆ ಬಿಟ್ಟೆ. ಯುಗಾದಿಯ ಒಬ್ಬಟ್ಟನ್ನು ಎಲೆಗೆ ಹಾಕಿದರೂ ಮುಟ್ಟಲಿಲ್ಲ. ಬೆಳಿಗ್ಗೆ ಒಂದು ಗೊಂಚಲು, ಸಂಜೆ ಒಂದು ಗೊಂಚಲು, ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ತಿಂದೆ. "ಬೀಜ ಉಗೀಬೇಡ ಗುರು, ಅದ್ರಲ್ಲೇ ಇರೋದು ಎಲ್ಲಾ" ಎಂದ ಪಾರ್ಕಿನ ಗೆಳೆಯ ಮುನಿರಾಜು. ಬೀಜವನ್ನೂ ಅಗಿದೆ. ಕಟ್ಟಿಸಿದ ಹಲ್ಲು ಸಡಿಲವಾಯಿತು, ನಾನು ಸಡಿಲವಾಗಲಿಲ್ಲ. ಬಳ್ಳಿ ಖಾಲಿಯಾದ ಮೇಲೆ ಅಂಗಡಿಯಿಂದ ತಂದೆ. "ಇಷ್ಟೊಂದು ತಿನ್ಬಹುದೇನ್ರೀ?" ಎಂದು ಗಿರಿಜೆ ಕೇಳಿದಳು. "ಡಾಕ್ಟರೇ ಹೇಳಿದ್ದು ಕಣೆ" ಎಂದು ಬಾಯಿ ಮುಚ್ಚಿಸಿದೆ.

ಮೂರು ತಿಂಗಳಾಗಿ ರಿಪೋರ್ಟು ಬಂತು. ಸಕ್ಕರೆ ಇಳಿಯುವುದಿರಲಿ, ಮೇಲಿನ ಮಹಡಿಗೆ ಹೋಗಿತ್ತು. ಡಾಕ್ಟರಮ್ಮ ಬಿಡಿಸಿ ಬಿಡಿಸಿ ಕೇಳಿದ ಮೇಲೆ, ಈ ಸಲ ಜೊತೆಗೆ ಬಂದಿದ್ದ ಗಿರಿಜೆಯೇ ದ್ರಾಕ್ಷಿಯ ಕಥೆ ಹೇಳಿದಳು.

"ಅಯ್ಯೋ ಅಂಕಲ್, ತುಕ್ಕು ತಡೆಯೋದೂ ಅದರಲ್ಲಿದೆ, ತುಕ್ಕು ಹಿಡಿಸೋ ಸಕ್ಕರೆನೂ ಅದರಲ್ಲೇ ಇದೆ. 'ಆದ್ರೆ ದಿನಕ್ಕೆ ಹತ್ತು ಹಣ್ಣು ಮೀರಬೇಡಿ' ಅನ್ನೋಷ್ಟ್ರಲ್ಲಿ ನೀವು ಹೊರಟೇಹೋಗಿದ್ರಿ."

ಇನ್ಸುಲಿನ್ ಬರೆದುಕೊಟ್ಟರು. ನನಗೆ ನಿಜವಾಗಿ ದುಃಖವಾಯಿತು. ಅವರು ನನ್ನ ಕಣ್ಣಿಗೆ ದೀಪ ಹಿಡಿದು ನೋಡಿ, "ಕಣ್ಣು ಇನ್ನೂ ಚೆನ್ನಾಗಿದೆ. ಸಕ್ಕರೆ ಹಿಡಿತಕ್ಕೆ ಬಂದ್ರೆ ಕಾಪಾಡ್ಕೋಬಹುದು" ಎಂದರು. ಅಪ್ಪನಿಗೆ ಈ ಮಾತನ್ನು ಯಾರೂ ಹೊತ್ತಿಗೆ ಸರಿಯಾಗಿ ಹೇಳಿರಲಿಲ್ಲ. ಸೂಜಿಯಾದರೂ ಸರಿ, ಈ ಸಲ ಬಿಡುವುದಿಲ್ಲ ಎಂದು ಅಲ್ಲೇ ಗಟ್ಟಿ ಮನಸ್ಸು ಮಾಡಿದೆ.

"ಬೇಕಿದ್ರೆ ನೆಲ್ಲಿಕಾಯಿ ತಿನ್ನಿ ಅಂಕಲ್," ಎಂದರು ಡಾಕ್ಟರಮ್ಮ. "ಆದ್ರೆ..."

ಏಳಲು ಹೋದರೆ ಆಗಲಿಲ್ಲ. ಅಂಗಿಯ ಹಿಂಭಾಗ ಗಿರಿಜೆಯ ಮುಷ್ಟಿಯಲ್ಲಿತ್ತು.

"ಕೂತ್ಕೊಳ್ಳಿ," ಎಂದಳು. "ಅವರು ಇನ್ನೂ 'ಆದ್ರೆ' ಅಂತಿದ್ದಾರೆ."