ಅಂಜಿನೇಯನ ಹೆಸರಿಗೆ ವರ್ಗವಾದ ನೋವು

ಸರ್ಕಾರಿ ದಾಖಲೆಗಳ ಪ್ರಕಾರ ಕೆಂಪುಗುಡ್ಡದ ಭರಮಮ್ಮ ಆರು ವರ್ಷಗಳಲ್ಲಿ ಹನ್ನೆರಡು ಸಲ ಸಂಪೂರ್ಣ ಗುಣಮುಖಳಾಗಿದ್ದಾಳೆ. ಸಂಡೂರಿನ ಕಡೆ ಇಷ್ಟು ಸಲ ಗುಣವಾದ ಹೆಣ್ಣುಮಗಳು ಇನ್ನೊಬ್ಬಳಿಲ್ಲ.

ಭರಮಮ್ಮ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಆರು ವರ್ಷಗಳಿಂದ ಆಕೆಗೆ ಕಿಬ್ಬೊಟ್ಟೆಯಲ್ಲಿ ನೋವು. ಕೂತರೆ ಚುಚ್ಚುತ್ತಿತ್ತು, ನಿಂತರೆ ಜಗ್ಗುತ್ತಿತ್ತು, ಮೂತ್ರಕ್ಕೆ ಹೋಗಿಬಂದರೆ ಉರಿಯುತ್ತಿತ್ತು. ಆದರೆ ಊರಿನ ಆರೋಗ್ಯ ಕೇಂದ್ರದ ಕಂಪ್ಯೂಟರಿನಲ್ಲಿ ಯಾವುದೇ ನೋವಿನ ಗರಿಷ್ಠ ಆಯುಷ್ಯ ನೂರಾ ಎಂಬತ್ತು ದಿನ. ಅಷ್ಟಾದ ಮೇಲೆ ಅದು ತಾನಾಗಿಯೇ 'ಗುಣಮುಖ' ಎಂದು ಮುಚ್ಚಿಕೊಳ್ಳುತ್ತದೆ.

"ಅಕ್ಕಾ, ಇವತ್ತಿಗೆ ನಿಮ್ ನೋವು ಮುಗೀತು ನೋಡ್ರಿ," ಎಂದು ಗುಮಾಸ್ತ ಕೊಟ್ರಯ್ಯ ಪ್ರತಿ ಸಲವೂ ವಿನಯದಿಂದ ತಿಳಿಸುತ್ತಿದ್ದ.

"ಇನ್ನೂ ನೋಯಾಕತ್ತೈತಲ್ರಿ."

"ಅದು ಹೊಸಾದು. ನಾಳೆ ಬರ್ರಿ, ಬರ್ಕೊಂತೀನಿ."

ಹೊಸ ನೋವಾದ್ದರಿಂದ ಮತ್ತೆ ಮೊದಲಿನಿಂದ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣುತ್ತಿರಲಿಲ್ಲ. ಏನೂ ಕಾಣದ್ದಕ್ಕೆ ಆರು ಗುಳಿಗೆ ಕೊಡುತ್ತಿದ್ದರು.

ಹದಿಮೂರನೆಯ ನೋವು ನಡೆಯುತ್ತಿರುವಾಗ ಡಾಕ್ಟರ್ ಸ್ಫೂರ್ತಿ ಕೇಂದ್ರಕ್ಕೆ ಬಂದರು. ಒಬ್ಬ ರೋಗಿಗೆ ನಾಲ್ಕು ನಿಮಿಷವೆಂಬ ಸುತ್ತೋಲೆ ಅವರ ಕೈಗಿನ್ನೂ ತಲುಪಿರಲಿಲ್ಲ. ಅವರು ಭರಮಮ್ಮನನ್ನು ಮುಕ್ಕಾಲು ಗಂಟೆ ಮಾತಾಡಿಸಿದರು. ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಗುತ್ತದೆ, ನಿದ್ದೆ ಹೇಗೆ, ಗಂಡನ ಹತ್ತಿರ ಹೋದಾಗ ನೋಯುತ್ತದೆಯೇ. ಕೊನೆಯ ಪ್ರಶ್ನೆಗೆ ಭರಮಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಾ "ಹೂಂ" ಎಂದಳು. ಅದನ್ನು ಯಾರೂ ಕೇಳಿರಲಿಲ್ಲ. ಆಕೆಯೂ ಯಾರಿಗೂ ಹೇಳಿರಲಿಲ್ಲ.

"ಸ್ಕ್ಯಾನಿಂಗ್‌ನಾಗ ಏನೂ ಇಲ್ಲಂತಾರ್ರಿ. ನನ್ ತಲ್ಯಾಗ ಏನರ ಐತೇನೋ."

"ಸ್ಕ್ಯಾನಿಂಗ್‌ನಲ್ಲಿ ನೋವು ಕಾಣಲ್ಲಮ್ಮ," ಎಂದರು ಸ್ಫೂರ್ತಿ. "ನೋವು ತಡೆದೂ ತಡೆದೂ ನಿಮ್ಮ ಸೊಂಟದ ತಳದ ಸ್ನಾಯು ಮುಷ್ಟಿ ಹಿಡಿದ ಹಾಗೆ ಬಿಗಿದುಬಿಟ್ಟಿದೆ. ನರಗಳೂ ಸಣ್ಣದಕ್ಕೆಲ್ಲ ಕೂಗೋದು ಕಲಿತಿವೆ. ನಿಧಾನಕ್ಕೆ ಸಡಿಲ ಮಾಡಬೇಕು. ಹೊಸಪೇಟೆಯಲ್ಲಿ ಫಿಸಿಯೋಥೆರಪಿಗೆ ಬರೆದುಕೊಡ್ತೀನಿ."

ಬರೆದುಕೊಟ್ಟರು. ಕೊಟ್ರಯ್ಯ ಚೀಟಿಯನ್ನು ಗೌರವದಿಂದ ವಾಪಸ್ ತಂದ. ಫಿಸಿಯೋಥೆರಪಿಗೆ ಕಳಿಸಲು ನೋವು ಸತತ ನೂರಾ ಎಂಬತ್ತೊಂದು ದಿನ ಇರಬೇಕು. ನೂರಾ ಎಂಬತ್ತಕ್ಕೇ ಎಲ್ಲರೂ ಗುಣವಾಗುತ್ತಿದ್ದ ಕಾರಣ ಈ ಸೌಲಭ್ಯವನ್ನು ಇದುವರೆಗೆ ಯಾರೂ ಬಳಸಿರಲಿಲ್ಲ. ಅಗತ್ಯವೇ ಇಲ್ಲವೆಂದು ಇಲಾಖೆ ಸಂತೋಷದಲ್ಲಿತ್ತು.

ಕೊಟ್ರಯ್ಯ ಕೆಟ್ಟವನಲ್ಲ. ಒಂದು ವಾರ ಸುತ್ತೋಲೆಗಳನ್ನು ಓದಿ ಹನ್ನೊಂದನೆಯ ಕಲಮು ಹುಡುಕಿದ. ಅಂಟುಜ್ವರದ ಕಾಲದಲ್ಲಿ ಮಾಡಿದ ನಿಯಮವದು: ಕಾಯಿಲೆಯನ್ನು ಅದೇ ರೇಷನ್ ಕಾರ್ಡಿನ ಇನ್ನೊಬ್ಬ ಸದಸ್ಯರ ಹೆಸರಿಗೆ, ಹಿಂದಿನ ದಿನಗಳ ಸಮೇತ, ವರ್ಗಾಯಿಸಬಹುದು. ಕಾರ್ಡಿನಲ್ಲಿ ಇದ್ದದ್ದು ಇಬ್ಬರೇ. ಇನ್ನೊಬ್ಬ ಆಕೆಯ ಗಂಡ ಅಂಜಿನೇಯ, ಲಾರಿ ಡ್ರೈವರ್.

"ಗಂಡಸರಿಗೂ ಈ ನೋವು ಬರತ್ತೆ. ವೈದ್ಯಕೀಯವಾಗಿ ತೊಂದರೆಯಿಲ್ಲ," ಎಂದು ಸ್ಫೂರ್ತಿ ಸಹಿ ಹಾಕಿದರು.

ನೂರಾ ಎಂಬತ್ತನೆಯ ದಿನ ಸಂಜೆ ನೋವು ಅಂಜಿನೇಯನ ಹೆಸರಿಗೆ ವರ್ಗವಾಯಿತು. 'ಗರ್ಭಿಣಿಯೇ?' ಎಂಬ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಕೊಟ್ರಯ್ಯ 'ಸದ್ಯಕ್ಕಿಲ್ಲ' ಎಂದು ತುಂಬಿದ. ಹೊಸ ಹೆಸರಾದ್ದರಿಂದ ಕಂಪ್ಯೂಟರ್ ನೋವನ್ನು ಮುಚ್ಚಲಿಲ್ಲ; ಮರುದಿನ ಅದಕ್ಕೆ ನೂರಾ ಎಂಬತ್ತೊಂದು ದಿನ ತುಂಬಿತು.

ವರ್ಗವಾದ ನೋವನ್ನು ಮನೆಗೇ ಬಂದು ಪರಿಶೀಲಿಸಬೇಕೆಂಬುದು ಹನ್ನೆರಡನೆಯ ಕಲಮು. ಪರಿಶೀಲನಾಧಿಕಾರಿ ಹಂಪಯ್ಯನವರು ಸೋಮವಾರ ಬರುವರೆಂದು ನೋಟಿಸು ಬಂತು. ಭಾನುವಾರ ಅಂಜಿನೇಯ ಹೆಂಡತಿಯ ಎದುರು ಚಕ್ಕಳಮಕ್ಕಳ ಹಾಕಿ ಕುಂತ.

"ಎಲ್ಲೆಲ್ಲಿ ನೋಯ್ತತಿ, ಹೆಂಗ ನೋಯ್ತತಿ, ಹೇಳು. ಸಾಹೇಬ್ರು ಕೇಳಿದ್ರ ತಪ್ಪಬಾರ್ದು."

ಭರಮಮ್ಮ ಹೇಳಿದಳು. ಆತ ಬೆರಳು ಮಡಚುತ್ತಾ ಬಾಯಿಪಾಠ ಮಾಡಿದ. ಒಂದು ಕೈ ಮುಗಿಯಿತು, ಇನ್ನೊಂದು ಕೈಯೂ ಮುಗಿಯಿತು. ರಾತ್ರಿಯ ವಿಷಯಕ್ಕೆ ಬಂದಾಗ ಆಕೆ ಒಲೆ ನೋಡುವ ನೆಪದಲ್ಲಿ ಎದ್ದಳು.

"ಅದ್ನೂ ಹೇಳು."

ಅದನ್ನೂ ಹೇಳಿದಳು. ಅಂಜಿನೇಯನ ಬೆರಳು ಮಡಚುವುದು ನಿಂತಿತು.

"ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ರಿ."

ಸೋಮವಾರ ಹಂಪಯ್ಯನವರು ನಮೂನೆ ಬಿಡಿಸಿಕೊಂಡು ಕುಂತರು. ಅಂಜಿನೇಯ ನೋವು ಎಲ್ಲಿಂದ ಹೊರಟು ಎಲ್ಲಿಗೆ ಇಳಿಯುತ್ತದೆ, ಹಂಡೆ ಎತ್ತಿದ ದಿನ ಏನಾಗುತ್ತದೆ, ನೋವು ಕಂಡು ನಕ್ಕವರ ಮುಂದೆ ನೆಟ್ಟಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಒಂದೂ ಬಿಡದೆ ಹೇಳಿದ. ಒಳಗೆ ಚಹಾ ಸೋಸುತ್ತಿದ್ದ ಭರಮಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು.

ಹಂಪಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ ಸರ್ವಿಸ್‌ನಾಗ ಇಂಥಾ ಖರೇ ನೋವು ನೋಡಿರ್ಲಿಲ್ಲ," ಎಂದು ಷರಾ ಬರೆದರು: 'ಅರ್ಜಿದಾರರ ನೋವು ನೈಜವಾಗಿದೆ. ಅವರ ಪತ್ನಿ ಆರೋಗ್ಯವಾಗಿದ್ದು, ಚಹಾ ಮಾಡಿಕೊಟ್ಟರು.'

ಮುಂದಿನ ವಾರದಿಂದ ಗಂಡ ಹೆಂಡತಿ ಪ್ರತಿ ಗುರುವಾರ ಹೊಸಪೇಟೆಯ ಬಸ್ಸು ಹತ್ತಿದರು. ಮೊದಲ ದಿನ ಫಿಸಿಯೋಥೆರಪಿಸ್ಟ್ ಲಲಿತಾ ಫೈಲು ನೋಡಿ, ಭರಮಮ್ಮನನ್ನು ನೋಡಿ, ಮತ್ತೆ ಫೈಲು ನೋಡಿದರು.

"ಅಂಜಿನೇಯ, ವಯಸ್ಸು ನಲವತ್ನಾಕು, ಗಂಡು. ನೀವೇ ಏನ್ರಿ?"

"ಹೌದ್ರಿ," ಎಂದಳು ಭರಮಮ್ಮ.

"ಒಳಗ ಬರ್ರಿ."

ಉಸಿರು ಬಿಡುತ್ತಾ ಸ್ನಾಯು ಸಡಿಲಿಸುವುದನ್ನು ಲಲಿತಾ ಕಲಿಸಿದರು. ನರಗಳ ಕೂಗು ತಗ್ಗಿಸಲು ಸ್ಫೂರ್ತಿ ಒಂದು ಸಣ್ಣ ಗುಳಿಗೆ ಬರೆದಿದ್ದರು. ಮೂರು ತಿಂಗಳಲ್ಲಿ ನೋವು ಹೋಗಲಿಲ್ಲ, ಅರ್ಧಕ್ಕಿಳಿಯಿತು. ಭರಮಮ್ಮ ಹೊಸಪೇಟೆಯವರೆಗೂ ಸೀಟಿನಲ್ಲಿ ಕೂತೇ ಹೋಗುವಂತಾದಳು. ಈ ಸುಧಾರಣೆಗಾಗಿ ಇಲಾಖೆ ಅಂಜಿನೇಯನಿಗೆ ಅಭಿನಂದನಾ ಪತ್ರ ಕಳಿಸಿ, ಭಾರ ಎತ್ತದಂತೆ ಸೂಚಿಸಿತು. ಪತ್ರ ಬಂದ ದಿನದಿಂದ ಆತ ಲಾರಿ ಹತ್ತುವ ಮೊದಲು ಕ್ಯಾಂಟೀನಿಗೆ ಹೋಗಿ ಹಂಡೆಗಳನ್ನು ಇಳಿಸಿಕೊಟ್ಟು ಬರುತ್ತಾನೆ.

ಈಗ ಗುರುವಾರಗಳಂದು ಸಿಸ್ಟರ್ ಬಾಗಿಲಿಗೆ ಬಂದು "ಅಂಜಿನೇಯ" ಎಂದು ಕೂಗಿದರೆ ಭರಮಮ್ಮ ಎದ್ದು ಒಳಗೆ ಹೋಗುತ್ತಾಳೆ.

"ಜತಿಗೆ ಬಂದೋರು ಹೊರಗ ಕುಂದ್ರಿ," ಎನ್ನುತ್ತಾರೆ ಸಿಸ್ಟರ್.

ಅಂಜಿನೇಯ ಆಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಂದರುತ್ತಾನೆ.