ಎಲ್ಲರಿಗೂ ಹೊಂದಿಕೊಳ್ಳುವ ಆಂಟೆನಾ

"ಈ ಕಂಬಕ್ಕೆ ಬುದ್ಧಿ ಇದೆ ಅಂದ ಪುಣ್ಯಾತ್ಮ ಯಾರು?"

ಕಾರ್ಪೊರಲ್ ಫವ್ವಾಜ್ ಕೇಳಿದ್ದು ಯಾರನ್ನೂ ಅಲ್ಲ. ಸುತ್ತ ಜೋರ್ಡಾನಿನ ಕರಿಗಲ್ಲ ಮರುಭೂಮಿ, ನಡುವೆ ಸೈನ್ಯದ ಹೊಸ ಆಂಟೆನಾ. ಅಕ್ಕಪಕ್ಕ ಏನಿದೆಯೋ ನೋಡಿಕೊಂಡು ತನ್ನನ್ನು ತಾನೇ ಹೊಂದಿಸಿಕೊಳ್ಳುವ ಜಾತಿಯದು.

ಇಳಿಹೊತ್ತಿನ ಅಸರ್ ನಮಾಜಿನೊಳಗೆ ಇದರಿಂದ ಕೇಂದ್ರ ಠಾಣೆಯೊಡನೆ ಮಾತಾಡಿ ತೋರಿಸಿದರೆ ಮೂರು ದಿನ ರಜೆ ಎಂದು ಕರ್ನಲ್ ಹೈಸಂ ಮಾತು ಕೊಟ್ಟಿದ್ದರು. ನಾಳೆ ಊರಾದ ಮಫ್ರಕ್‌ನಲ್ಲಿ ಮನೆಯ ಹಿರಿಯರು ಫವ್ವಾಜನಿಗೆ ಹೆಣ್ಣು ಕೇಳಲು ಹೊರಡುವವರಿದ್ದರು. ರಜೆ ಸಿಗದೆ ಎರಡು ಸಲ ದಿನ ತಪ್ಪಿತ್ತು. ಮೂರನೆಯ ಸಲವೂ ತಪ್ಪಿದರೆ ಹುಡುಗಿಯನ್ನು ಅವಳ ಚಿಕ್ಕಪ್ಪನ ಮಗನಿಗೆ ಕೊಡುವುದಾಗಿ ಅವಳ ತಂದೆ ಹೇಳಿಯಾಗಿತ್ತು.

ರೇಡಿಯೋ ಗೊರಗೊರ ಎಂದಿತು, ಅಷ್ಟೆ. ಅಡುಗೆಯ ಅಬು ಶಾಹೆರ್ ಬಂದು, ಬುಡಕ್ಕೆ ಉಪ್ಪುನೀರು ಬೀಳಬೇಕೆಂದು ಒಂದು ಕೊಡ ಸುರಿದ. ಆಂಟೆನಾ ಟಿಕಟಿಕ ಎಂದು ಹೊಸದಾಗಿ ಹೊಂದಿಸಿಕೊಂಡಿತು. ಸಾರ್ಜೆಂಟ್ ದಹಾಂ ಅದಕ್ಕೆ ನೆರಳಾಗಲೆಂದು ನೀರಿನ ಲಾರಿಯನ್ನು ಪಕ್ಕಕ್ಕೇ ತಂದು ನಿಲ್ಲಿಸಿದ. ಮತ್ತೆ ಟಿಕಟಿಕ. ಅವರಿಬ್ಬರೂ ಸೇರಿ ಶಿಬಿರದ ಉಳಿದ ಹನ್ನೊಂದು ಜನರೂ ಸುತ್ತುವರಿದು ಸಲಹೆ ಕೊಡತೊಡಗಿದರು. ಒಬ್ಬ ಹತ್ತಿರ ಬಂದರೆ, ಇನ್ನೊಬ್ಬ ಸರಿದರೆ, ಅದಕ್ಕೂ ಟಿಕಟಿಕ. ಹನ್ನೊಂದು ಅತ್ತೆಯರ ಮನೆ ಸೇರಿದ ಸೊಸೆಯ ಹಾಗೆ, ಯಾರಿಗೆಂದು ಹೊಂದಿಕೊಳ್ಳುವುದು ತಿಳಿಯದೆ ಆಂಟೆನಾ ತಿಣುಕಿತು.

ರೋಗ ಎಲ್ಲಿದೆಯೆಂದು ಫವ್ವಾಜನಿಗೆ ಆಗ ಹೊಳೆಯಿತು. ಆದರೆ ತನಗಿಂತ ಹಿರಿಯರಿಗೆ ದೂರ ಹೋಗಿ ಎನ್ನುವುದುಂಟೆ? ಮೂಗೆತ್ತಿ, ಅಡುಗೆಮನೆಯಿಂದ ಮಾಂಸ ಸೀದ ವಾಸನೆ ಬರುತ್ತಿದೆ ಎಂದ. ಹನ್ನೊಂದು ಜನರೂ ದೌಡಾಯಿಸಿದರು. ಬೆಂಕಿಗೆ ನೀರು ಬೇಕಾದೀತೆಂದು ದಹಾಂ ಲಾರಿಯನ್ನೂ ಓಡಿಸಿಕೊಂಡು ಹೋದ.

ಆಂಟೆನಾ ಒಮ್ಮೆ ಟಿಕ್ ಎಂದು ಸುಮ್ಮನಾಯಿತು. ಕೇಂದ್ರ ಠಾಣೆಯ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸಿತು. ಫವ್ವಾಜ್ ದೇವರನ್ನು ಸ್ತುತಿಸುತ್ತ ಕಲ್ಲಿನಿಂದ ಕಲ್ಲಿಗೆ ಕುಣಿದ.

ಸುದ್ದಿ ತಿಳಿದು ಕರ್ನಲ್ಲರೇ ಜೀಪು ಹತ್ತಿ ಬಂದರು. ಫವ್ವಾಜ್ ತನ್ನ ಗುಡಾರದಲ್ಲಿ ಕೂರಿಸಿ ಕಾಫಿ ಬಗ್ಗಿಸಿಕೊಟ್ಟ. ಅವರು ಬಟ್ಟಲನ್ನು ತುಟಿಗೆ ಸೋಕಿಸದೆ ನೆಲಕ್ಕಿಟ್ಟರು. ಅಲ್ಲಿನ ರೂಢಿಯಲ್ಲಿ ಅತಿಥಿ ಹಾಗಿಟ್ಟರೆ ಏನೋ ಕೋರಿಕೆಯಿದೆ ಎಂದರ್ಥ. ಏನೆಂದು ಕೇಳುವ ಮೊದಲೇ ಒಪ್ಪುವುದು ಮನೆಯವನ ಮರ್ಯಾದೆ. ಫವ್ವಾಜನೋ ಗಾಳಿಯಲ್ಲಿ ತೇಲುತ್ತಿದ್ದ.

"ಕುಡೀರಿ ಸಾಹೇಬ್ರೇ. ಏನೇ ಇದ್ರೂ ಆಯ್ತು ಅಂತಲೇ ತಿಳ್ಕೊಳ್ಳಿ."

ಕರ್ನಲ್ ನೆಮ್ಮದಿಯಾಗಿ ಕುಡಿದು ಮುಗಿಸಿದರು. "ಆ ಮೂರು ದಿನದ ರಜೆ ನನಗೆ ವಾಪಸ್ ಕೊಟ್ಬಿಡು, ಮಗನೇ. ನಾಳೆ ಜನರಲ್ ಸಾಹೇಬ್ರು ಆಂಟೆನಾ ನೋಡೋಕೆ ಬರ್ತಾರೆ. ಅದರ ಸ್ವಭಾವ ಬಲ್ಲೋನು ನೀನೊಬ್ಬನೇ."

ಫವ್ವಾಜ್ ಗಡಬಡಿಸಿ ತನಗೂ ಒಂದು ಬಟ್ಟಲು ಬಗ್ಗಿಸಿಕೊಂಡು, ಕುಡಿಯದೆ ನೆಲಕ್ಕಿಟ್ಟ. ತನ್ನದೂ ಒಂದು ಕೋರಿಕೆಯಿದೆ, ನಾಳೆ ಒಂದೇ ದಿನ ಸಾಕು ಎಂದ.

"ಅದು ಅತಿಥಿಗಿರೋ ಹಕ್ಕಪ್ಪ. ನೀನು ಮನೆಯವನು," ಎನ್ನುತ್ತ ಕರ್ನಲ್ ಮೇಲೆದ್ದರು. "ಕೊಡಲ್ಲ."